ಎರಡು ಥರದ ಆಯ್ತು

ಅದನ್ನು ಕಾರು ಎಂದು ಕರೆಯುವುದಕ್ಕೇ ಷೆಡ್ಡಿನವರಿಗೆ ನಗು ಬರುತ್ತಿತ್ತು. ಇಬ್ಬರು ಕೂರಬಹುದು, ಮೂರನೆಯವರು ಬಂದರೆ ಮೊದಲಿನ ಇಬ್ಬರಲ್ಲಿ ಒಬ್ಬರು ಇಳಿಯಬೇಕು. ಉದ್ದ ನಾಲ್ಕು ಹೆಜ್ಜೆ, ಅದೂ ಮೇಸ್ತ್ರಿಯ ಗಿಡ್ಡ ಕಾಲಿನ ಹೆಜ್ಜೆ. "ಇದನ್ನ ಹತ್ತೋದಲ್ಲ ಕಣ್ರೋ, ತೊಟ್ಕೊಳ್ಳೋದು" ಎಂದು ಮೇಸ್ತ್ರಿ ಮೊದಲ ದಿನ ಹೇಳಿದ ಮಾತು ಷೆಡ್ಡಿನ ತುಂಬ ಓಡಾಡಿ, ಕೊನೆಗೆ ಮೇಲಿನ ಆಫೀಸಿನವರ ಕಿವಿಗೂ ಬಿದ್ದು, ಅವರೂ ನಕ್ಕು, ನಗಬಾರದಿತ್ತೆಂದು ಆಮೇಲೆ ನೆನಪಾಗಿ ಗಂಭೀರವಾದರಂತೆ.

ನಗುವವರು ನಗಲಿ, ಗಾಡಿ ಮಾತ್ರ ಮಹಾ ಕಿಲಾಡಿ. ಪಟ್ಟಣದ ಇಕ್ಕಟ್ಟು ಬೀದಿಗಳಿಗೆಂದೇ ಹುಟ್ಟಿದ್ದು. ಅದಕ್ಕೆ ಮೂರು ಗುಂಡಿ. ಒಂದನೆಯದನ್ನು ಒತ್ತಿದರೆ ಇಬ್ಬರು ಕೂರುವ ಗಾಡಿ. ಎರಡನೆಯದನ್ನು ಒತ್ತಿದರೆ ಪಕ್ಕದ ಸೀಟು ಮಡಚಿಕೊಂಡು ನೆಲದೊಳಗೆ ಇಳಿದು ಸಾಮಾನು ಹೇರುವ ಗಾಡಿ. ಮೂರನೆಯದೇ ಅದರ ಹೆಚ್ಚುಗಾರಿಕೆ. ನಿಲ್ಲಿಸಲು ಜಾಗವಿಲ್ಲದ ಕಡೆ ಅದನ್ನು ಒತ್ತಿದರೆ ಹಿಂಭಾಗವೆಲ್ಲ ಚಕ್ರದ ಸಮೇತ ಮುಂದಕ್ಕೆ ಜರುಗಿ, ಸೀಟಿನ ಬೆನ್ನು ನೆಟ್ಟಗಾಗಿ, ನಾಲ್ಕು ಹೆಜ್ಜೆಯ ಗಾಡಿ ಎರಡೂವರೆ ಹೆಜ್ಜೆಗೆ ಕುಗ್ಗುತ್ತಿತ್ತು. ಹಿಡಿಯುತ್ತಿದ್ದುದು ನಾಲ್ಕೇ ನಾಲ್ಕು ಸೆಕೆಂಡು. ಇಂಥದ್ದು ಇರುವುದು ಇದೊಂದೇ. ಮಾರುವುದಕ್ಕಲ್ಲ, ಪ್ರದರ್ಶನದಲ್ಲಿ ತೋರಿಸುವುದಕ್ಕೆ. ಜನ ಬಾಯಿ ಬಿಟ್ಟು ನೋಡಿದರೆ ಮುಂದೆ ಸಾವಿರಗಟ್ಟಲೆ ಮಾಡುವುದು, ಮೂಗು ಮುರಿದರೆ ಮೂಲೆಗೆ ತಳ್ಳುವುದು.

ಇದರ ಮೋಟಾರು, ಸ್ವಿಚ್ಚು, ತಂತಿಯ ಕೆಲಸವೆಲ್ಲ ವೈರಮ್ಮನದು. ಹೆತ್ತವರು ಇಟ್ಟ ಹೆಸರು ಬೇರೆ. ಇಪ್ಪತ್ತು ವರ್ಷ ಅದೇ ಷೆಡ್ಡಿನಲ್ಲಿ ವೈರು ಎಳೆದೆಳೆದು ವೈರಮ್ಮ ಆದವಳು. "ಹೆಸರಲ್ಲೇ ವೈರ ಇದೆ, ಹುಷಾರು" ಎಂದು ಹೊಸಬರಿಗೆ ಹೇಳುವುದು ಅಲ್ಲಿಯ ಹಳೇ ಜೋಕು. ಜೋಕಿನಲ್ಲಿ ನಿಜ ಇಲ್ಲದೆ ಇರಲಿಲ್ಲ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಕೆಲಸ ಮಾತ್ರ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಮಾಡುತ್ತಿದ್ದಳು. ಸೀಟಿನ ಬಟ್ಟೆ, ಚರ್ಮ, ಸ್ಪಂಜಿನ ಕೆಲಸ ಅವಳ ಗಂಡನದು. ಅವನಿಗೆ ಷೆಡ್ಡು ಇಟ್ಟ ಹೆಸರು ಆಯ್ತಪ್ಪ. ಯಾರು ಏನು ಹೇಳಿದರೂ ಅವನ ಬಾಯಲ್ಲಿ ಒಂದೇ ಮಾತು: ಆಯ್ತು.

ಆರಡಿ ಆಳು, ಉದ್ದ ತೋಳು, ಅಗಲ ಬೆನ್ನು. ಅವನು ಸೀಟಿನ ಬಟ್ಟೆ ಬಿಗಿಯಲು ಒಳಗೆ ಬಗ್ಗಿದನೆಂದರೆ ಗಾಡಿಯೇ ಕಾಣುತ್ತಿರಲಿಲ್ಲ; ಗಾಡಿಗೆ ಕಾಲು ಬಂದಂತೆ ಎರಡು ಬೂಟು ಮಾತ್ರ ಹೊರಗೆ. "ಆಯ್ತಪ್ಪ, ಬಾಗಿಲು ಮುಚ್ಚಿ ಮನೆಗೆ ಓಡಿಸ್ಕೊಂಡು ಹೋಗಪ್ಪ" ಎಂದು ಯಾರಾದರೂ ಕೂಗಿದರೆ ಒಳಗಿನಿಂದ, "ಆಯ್ತೂ..."

ಈಗ ಈ ಆಯ್ತಿನ ಸಂಗತಿ ಹೇಳಲೇಬೇಕು. ಆಯ್ತಪ್ಪನ ಹತ್ತಿರ ಎರಡು ಥರದ ಆಯ್ತು ಇದ್ದವು. ಕೆಲಸ ಮುಗಿದಾಗ ಹೇಳುವುದು ಗಿಡ್ಡ ಆಯ್ತು. ಕತ್ತರಿ ಕಚ್ಚಿದ ಹಾಗೆ ಟಕ್ಕೆಂದು ಮುಗಿಯುತ್ತಿತ್ತು. ಸರಿ, ಮಾಡೋಣ, ನೋಡೋಣ, ನನ್ನ ಪಾಡಿಗೆ ನನ್ನ ಬಿಡು ಎಂದೆಲ್ಲ ಅರ್ಥ ಬರುವುದು ಉದ್ದ ಆಯ್ತು. ಕೊನೆಯಲ್ಲಿ ಬಾಲ ಎಳೆಯುತ್ತಿತ್ತು. ಗಿಡ್ಡದ್ದು ಅಪರೂಪ, ಉದ್ದದ್ದು ದಿನಕ್ಕೆ ನೂರು. ಹದಿನೇಳು ವರ್ಷದ ಸಂಸಾರದಲ್ಲಿ ವೈರಮ್ಮ ಇದನ್ನು ಪಾಠ ಕಲಿತ ಹಾಗೆ ಕಲಿತಿದ್ದಳು. ಬಚ್ಚಲಿನ ನಲ್ಲಿ ಸೋರುತ್ತಿದೆ ರೀ ಎಂದರೆ ಆಯ್ತೂ. ಅಂದರೆ ಇನ್ನೂ ಎರಡು ತಿಂಗಳು ಸೋರುತ್ತದೆ. ಮಗಳ ಸ್ಕೂಲಿಗೆ ಹೋಗಿ ಬನ್ನಿ ಎಂದರೆ ಆಯ್ತೂ. ಅಂದರೆ ಅವಳೇ ರಜೆ ಹಾಕಿ ಹೋಗಬೇಕು. "ನಿಮ್ಮ ಮಗನಿಗೆ ಇಲ್ಲ ಅನ್ನೋಕೆ ಬರಲ್ಲ ಅತ್ತೆ, ಅದಕ್ಕೇ ಈ ಗೋಳು" ಎಂದು ಅತ್ತೆಯ ಹತ್ತಿರ ರೇಗಿದರೆ ಅವರು, "ಚಿಕ್ಕೋನಿದ್ದಾಗಿಂದ ಹಾಗೇ ಕಣೇ. ಹಾಲು ಕುಡಿ ಅಂದ್ರೆ ಆಯ್ತು ಅಂತ ಬೆಕ್ಕಿಗೆ ಹಾಕ್ತಿದ್ದ" ಎಂದು ನಗುತ್ತಿದ್ದರು.

ಗಾಡಿಯ ಮೂರನೇ ಗುಂಡಿಗೆ ಒಂದು ಕಾವಲು ಇತ್ತು. ಹಿಂಭಾಗ ಮುಂದಕ್ಕೆ ಬಂದು ಸೀಟಿನ ಬೆನ್ನಿಗೆ ಸೇರುವ ಅಂಚಿನುದ್ದಕ್ಕೂ ಕಪ್ಪು ರಬ್ಬರು ಪಟ್ಟಿ, ಅದರೊಳಗೆ ಕೂದಲೆಳೆಯಂಥ ತಂತಿ. ಏನಾದರೂ ತಾಗಿದರೆ ಸಾಕು, ಮೋಟಾರು ನಿಂತು ಹಿಂದಕ್ಕೆ ಸರಿಯುತ್ತಿತ್ತು. ವೈರಮ್ಮ ಅದನ್ನು ಕೂರಿಸಲು ಒಂಬತ್ತು ದಿನ ತೆಗೆದುಕೊಂಡಿದ್ದಳು. ಅಂಚಿಗೆ ಒಂದು ಟೊಮೇಟೊ ಇಟ್ಟು ಗುಂಡಿ ಒತ್ತಿ, ಟೊಮೇಟೊ ಸಿಪ್ಪೆಯೂ ಸೀಳದೆ ಉಳಿದದ್ದನ್ನು ಎಲ್ಲರಿಗೂ ತೋರಿಸಿ, ಆಮೇಲೆ ಅದನ್ನು ತೊಳೆದು ತಿಂದಿದ್ದಳು.

ಪ್ರದರ್ಶನಕ್ಕೆ ಹತ್ತು ದಿನವಿದ್ದಾಗ ಡಿಸೈನರ್ ಬಂದ. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಅವನಿಗೆ ಷೆಡ್ಡಿನಲ್ಲಿ ಪೆನ್ಸಿಲ್ ಎಂದೇ ಹೆಸರು. ಆ ಪೆನ್ಸಿಲಿನಿಂದ ಅವನು ಗೆರೆ ಎಳೆದದ್ದನ್ನು ಕಂಡವರಿಲ್ಲ. ಗಾಡಿಯ ಸುತ್ತ ಮೂರು ಸುತ್ತು ಹಾಕಿ, ತಲೆ ಓರೆ ಮಾಡಿ, "ಈ ಕಪ್ಪು ಪಟ್ಟಿ ಕಾಣಿಸ್ತಿದೆಯಲ್ಲ" ಎಂದ. "ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ. ಫೋಟೋದಲ್ಲಿ ಇದೊಂದೇ ಕಣ್ಣಿಗೆ ಹೊಡೆಯುತ್ತೆ." ಅಷ್ಟು ಹೇಳಿ ಹೊರಟುಹೋದ. ಸಂಜೆಯ ಹೊತ್ತಿಗೆ ಮೇಸ್ತ್ರಿ ವೈರಮ್ಮನ ಮೇಜಿನ ಹತ್ತಿರ ಬಂದು ನಿಂತಿದ್ದರು.

"ಪಟ್ಟಿ ತೆಗೆದುಬಿಡಮ್ಮ."

"ತೆಗೆದ್ರೆ ಮೋಟಾರೇ ಓಡಲ್ಲ ಮೇಸ್ತ್ರಿ. ಹಾಗೇ ಮಾಡಿರೋದು."

"ಎರಡು ತುದಿ ಸೇರಿಸಿಬಿಡು. ಪಟ್ಟಿ ಇದೆ ಅಂತ ಅಂದ್ಕೊಳ್ಳುತ್ತೆ."

"ಅದು ಅಂದ್ಕೊಳ್ಳುತ್ತೆ. ಒಳಗೆ ಕೈ ಇಟ್ಟೋರು?"

"ಪ್ರದರ್ಶನದಲ್ಲಿ ಯಾರು ಕೈ ಇಡ್ತಾರೆ? ಹಗ್ಗ ಕಟ್ಟಿರ್ತಾರೆ. ಮುಗಿದ ಮೇಲೆ ವಾಪಸ್ ಹಾಕೋಣ. ಅಲ್ಲೀತನಕ ಬಾಯಿ ಮಾತಲ್ಲಿ ನಡೆಸೋಣ. ಒತ್ತೋ ಮುಂಚೆ ನೀನು ಕೇಳು, ಒಳಗಿದ್ದೋರು ಹೇಳ್ಲಿ."

ಅವಳು ಆ ಸಂಜೆಯೆಲ್ಲ ಗೊಣಗಿದಳು. ಮರುದಿನ ಬೆಳಿಗ್ಗೆ ತಂತಿ ಕತ್ತರಿಸಿ, ಎರಡು ತುದಿ ಹೊಸೆದು, ಟೇಪು ಸುತ್ತಿದಳು. ಇಪ್ಪತ್ತು ವರ್ಷ ಮೇಸ್ತ್ರಿಯ ಮಾತು ಕೇಳಿ ಅಭ್ಯಾಸವಾದ ಕೈ, ಗೊಣಗುತ್ತಲೇ ಮಾಡಿ ಮುಗಿಸಿತು.

ಅಂದಿನಿಂದ ಷೆಡ್ಡಿನಲ್ಲಿ ಹೊಸ ಕಟ್ಟಳೆ. ಗುಂಡಿ ಒತ್ತುವವರು "ಕೈ ಆಚೆ?" ಎಂದು ಕೂಗಬೇಕು, ಒಳಗಿರುವವರು "ಆಚೆ" ಎಂದು ಕೂಗಬೇಕು, ಆಮೇಲೆ ಒತ್ತಬೇಕು. ಎಲ್ಲರೂ ಹಾಗೇ ಮಾಡಿದರು, ಒಬ್ಬನನ್ನು ಬಿಟ್ಟು. ವೈರಮ್ಮ "ಕೈ ಆಚೆ?" ಎಂದರೆ ಆಯ್ತಪ್ಪ "ಆಯ್ತು" ಅನ್ನುತ್ತಿದ್ದ. ಕೈ ತೆಗೆದದ್ದಾಯ್ತು ಎಂಬ ಗಿಡ್ಡ ಆಯ್ತು. "ಆಚೆ ಅನ್ರೀ, ಬಾಯಲ್ಲೇನು ಕಡುಬಿದೆಯಾ" ಎಂದು ಅವಳು ಮೊದಮೊದಲು ಬೈದಳು. "ಆಯ್ತೂ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕು ಸುಮ್ಮನಾದಳು. ಹೀಗೆ ಒಂದು ವಾರದಲ್ಲಿ ಐವತ್ತು ಅರವತ್ತು ಸಲ ಗಾಡಿ ಮಡಚಿತು, ಬಿಚ್ಚಿತು. ಯಾರ ಉಗುರೂ ತಾಗಲಿಲ್ಲ.

ಫೋಟೋ ತೆಗೆಯುವವರು ಮಧ್ಯಾಹ್ನ ನಾಲ್ಕಕ್ಕೆ ಬರುವುದೆಂದು ಗೊತ್ತಾಗಿತ್ತು. ಅವರಿಗಾಗಿ ಗಾಡಿಯ ಸುತ್ತ ಕಪ್ಪು ಪರದೆ ಇಳಿಬಿಟ್ಟಿದ್ದರು. ಸ್ವಿಚ್ಚಿನ ಪೆಟ್ಟಿಗೆ ಪರದೆಯ ಆಚೆ, ಉದ್ದ ಕೇಬಲಿನ ತುದಿಯಲ್ಲಿ, ವೈರಮ್ಮನ ಮುಂದೆ. ಗಾಡಿ ಅವಳಿಗೆ ಕಾಣುತ್ತಿರಲಿಲ್ಲ. ಅವತ್ತು ಬೆಳಗಿನಿಂದ ಸೀಟಿನ ಬಟ್ಟೆಯದೇ ರಗಳೆ. ಮಡಚುವಾಗ ಬೆನ್ನಿನ ಹಿಂದಿನ ಬಟ್ಟೆ ನೆರಿಗೆ ಬಿದ್ದು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಯ್ತಪ್ಪ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಿದ್ದ, ಅವಳು ಮಡಚಿ ನೋಡುತ್ತಿದ್ದಳು, ಮತ್ತೆ ಸಿಕ್ಕುತ್ತಿತ್ತು. ಮೂರೂವರೆಯಾಯಿತು. ಮೇಸ್ತ್ರಿ ಎರಡು ಸಲ ಬಂದು ಗಡಿಯಾರ ನೋಡಿ ಹೋದರು. ಊಟ ಮಾಡಿರಲಿಲ್ಲ, ತಲೆ ಚಿಟ್ಟು ಹಿಡಿದುಹೋಗಿತ್ತು ವೈರಮ್ಮನಿಗೆ.

"ಇನ್ನೂ ಎಷ್ಟೊತ್ತು ರೀ?"

"ಒಂದೇ ನೆರಿಗೆ ಕಣೇ. ಒಳಗೆ ತುರುಕಿಬಿಡ್ತೀನಿ."

"ಮೇಸ್ತ್ರಿ ನನ್ನ ತಲೆ ತಿಂತಿದಾರೆ. ಆಯ್ತಾ?"

ಉಗುರಿನಿಂದ ಬಟ್ಟೆ ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು.

"ಕೈ ಆಚೆ ತಗೊಳ್ರೀ, ಒತ್ತುತೀನಿ."

"ಆಯ್ತೂ..."

ಅವಳು ಮೂರನೇ ಗುಂಡಿ ಒತ್ತಿದಳು.

ಮೂರನೇ ಸೆಕೆಂಡಿಗೆ ಮೋಟಾರಿನ ದನಿ ಇಳಿಯಿತು. ಮೋಟಾರಿನ ದನಿ ಅವಳಿಗೆ ಮಗಳ ಅಳುವಿನಷ್ಟೇ ಪರಿಚಯ; ಬಟ್ಟೆ ಸಿಕ್ಕಿದರೆ ಹಾಗೆ ಇಳಿಯುವುದಿಲ್ಲ. ಕೆಂಪು ಸ್ವಿಚ್ಚಿಗೆ ಕೈ ಹೊಡೆದಳು. ಅಷ್ಟರಲ್ಲಿ ನಾಲ್ಕನೆಯದೂ ಮುಗಿದಿತ್ತು. ಮತ್ತೆ ಒಂದನೇ ಗುಂಡಿ ಒತ್ತಿದಳು. ಬಿಚ್ಚಿಕೊಳ್ಳುವುದಕ್ಕೂ ನಾಲ್ಕು ಸೆಕೆಂಡು ಬೇಕು. ಅಯ್ಯೋ, ಆ ನಾಲ್ಕು ಸೆಕೆಂಡು! ಬಂದು ನಿಂತ ಮೇಸ್ತ್ರಿ ಪರದೆ ಎತ್ತಿ, ತಕ್ಷಣ ಇಳಿಬಿಟ್ಟು, "ನೀನು ಬರಬೇಡ" ಎಂದರು. ಅವಳು ಅವರನ್ನು ತಳ್ಳಿಕೊಂಡು ಒಳಗೆ ಹೋದಳು.

ಕೊನೆಯ ನೆರಿಗೆಗೆ ಕೈ ಮಾತ್ರ ಸಾಲದೆ ಅವನು ತಲೆ, ಭುಜ ಎರಡನ್ನೂ ಸಂದಿಗೆ ತೂರಿಸಿದ್ದ. ಆಂಬುಲೆನ್ಸಿನವರು ಬಂದು ಕತ್ತು ಮುಟ್ಟಿ ನೋಡಿ, ಅವಸರ ಬಿಟ್ಟರು. ಅವರು ಅವಸರ ಬಿಟ್ಟದ್ದನ್ನು ನೋಡಿಯೇ ಅವಳಿಗೆ ತಿಳಿಯಿತು.

ಗಾಡಿಗೆ ಏನೂ ಆಗಿರಲಿಲ್ಲ. ತೊಳೆದು, ಬೇರೆ ಷೆಡ್ಡಿನವನಿಂದ ಹೊಸ ಬಟ್ಟೆ ಹೊಲಿಸಿ, ಹೇಳಿದ ದಿನಕ್ಕೆ ಸರಿಯಾಗಿ ಪ್ರದರ್ಶನಕ್ಕೆ ಕಳಿಸಿದರು. ಪಟ್ಟಣದ ಪತ್ರಿಕೆಯಲ್ಲಿ ಅದರ ಫೋಟೋ ಬಂತು. ಪಕ್ಕದಲ್ಲಿ ಪೆನ್ಸಿಲ್ ನಗುತ್ತ ನಿಂತಿದ್ದ. ಅಂಚು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಬಸ್ ನಿಲ್ದಾಣದಲ್ಲಿ ಯಾರೋ ಓದುತ್ತಿದ್ದುದನ್ನು ಬಗ್ಗಿ ನೋಡಿದ ವೈರಮ್ಮ, ಬಂದ ಬಸ್ಸನ್ನೂ ಹತ್ತದೆ ಅಲ್ಲೇ ಕಲ್ಲಿನ ಮೇಲೆ ಕೂತಳು.

ಮೊದಲ ದಿನ ಆಸ್ಪತ್ರೆಯ ವರಾಂಡದಲ್ಲಿ ಯಾರೋ ಬಂದು, "ಅವರು ಏನಂದ್ರಮ್ಮ?" ಎಂದು ಕೇಳಿ ಬರೆದುಕೊಂಡಿದ್ದರು. "ಆಯ್ತು ಅಂದ್ರು" ಎಂದಿದ್ದಳು. ಕಾಗದದ ಮೇಲೆ ಆ ಮಾತಿಗೆ ಗಿಡ್ಡ ಉದ್ದ ಏನೂ ಇರಲಿಲ್ಲ. ಕೆಲಸ ಮುಗೀತು ಎಂದು ಅವನೇ ಹೇಳಿ, ಆಮೇಲೆ ಮತ್ತೆ ಕೈ ಹಾಕಿದ, ಪಾಪ, ತನ್ನ ಕೈಯಾರೆ ತಂದುಕೊಂಡ ಎಂದು ಷೆಡ್ಡೆಲ್ಲ ಹೇಳತೊಡಗಿತು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅದು ಯಾವ ಆಯ್ತು ಎಂದು ಅವಳಿಗೆ ಮಾತ್ರ ಗೊತ್ತಿತ್ತು. ಬೆರಳು ಗುಂಡಿಗೆ ತಾಗುವಾಗಲೇ ಗೊತ್ತಿತ್ತೋ ಏನೋ. ಅವಸರಕ್ಕೆ ಬೇಕಾದದ್ದನ್ನು ಕಿವಿ ಕೇಳಿಸಿಕೊಂಡಿತ್ತು.

ಮನೆಯಲ್ಲಿ ಅತ್ತೆಯೂ ಅದನ್ನೇ ಕೇಳಿದ್ದರು. ಎಲ್ಲ ಮುಗಿಸಿ ಬಂದು ಕೂತಾಗ, ಸೊಸೆಯ ಎರಡೂ ಕೈ ಹಿಡಿದುಕೊಂಡು, "ಕೊನೆಗೆ ಏನಂದ ನನ್ನ ಮಗ?" ಎಂದರು.

"ಆಯ್ತು ಅಂದ್ರು, ಅತ್ತೆ."

ಮುದುಕಿ ಸ್ವಲ್ಪ ಹೊತ್ತು ಆ ಮಾತನ್ನು ಬಾಯಲ್ಲಿಟ್ಟುಕೊಂಡ ಹಾಗೆ ಕೂತು, "ಅವನಿಗೆ ಗೊತ್ತಾಗಿತ್ತು ನೋಡು. ತನ್ನದು ಆಯ್ತು ಅಂತ ತಾನೇ ಹೇಳಿ ಹೋದ" ಎಂದರು. ಬಂದವರಿಗೆಲ್ಲ ಅದನ್ನೇ ಹೇಳಿದರು. ಹೇಳಿ ಹೇಳಿ ಅವರಿಗೆ ಒಂದು ಥರ ಸಮಾಧಾನವೂ ಆಗತೊಡಗಿತ್ತು. ತುತ್ತು ಅನ್ನ ಒಳಗೆ ಹೋಗುತ್ತಿತ್ತು. ಸೊಸೆಯ ತಲೆ ಸವರಿ, "ನಿನ್ನ ಪಕ್ಕದಲ್ಲೇ ಇದ್ದಾಗ ಹೋದ, ಅಷ್ಟಾದ್ರೂ ಸಿಕ್ತಲ್ಲ" ಅನ್ನುತ್ತಿದ್ದರು. ಆಗೆಲ್ಲ ವೈರಮ್ಮನಿಗೆ ಆ ಕೈಯ ಕೆಳಗಿನಿಂದ ಎದ್ದು ಓಡಿಬಿಡೋಣ ಅನ್ನಿಸುತ್ತಿತ್ತು.

ಹನ್ನೊಂದನೇ ದಿನ ತನಿಖೆ. ಹತ್ತನೇ ದಿನ ಮಧ್ಯಾಹ್ನ ಹಣ್ಣಿನ ಚೀಲ ಹಿಡಿದು ಮೇಸ್ತ್ರಿ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಒಳಕೋಣೆಯಲ್ಲಿ ಅತ್ತೆ ಮಲಗಿದ್ದಾರೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ನೋಡಮ್ಮ, ನಾಳೆ ಕೇಳೋದು ಒಂದೇ ಪ್ರಶ್ನೆ. ಅವನು ಏನಂದ ಅಂತ. ಆಯ್ತು ಅಂದ ಅಂತ ಹೇಳು. ಸುಳ್ಳೇನಲ್ವಲ್ಲ."

"ಸುಳ್ಳಲ್ಲ."

"ಅಷ್ಟೇ ಮತ್ತೆ. ಗಿಡ್ಡಕ್ಕೆ ಹೇಳು. ಎಳೀಬೇಡ."

ವೈರಮ್ಮ ತಲೆಯೆತ್ತಿ ಅವರ ಮುಖ ನೋಡಿದಳು. ಅಂದರೆ ಇವರಿಗೂ ಗೊತ್ತಿತ್ತು. ಇಪ್ಪತ್ತು ವರ್ಷ ಅವನ ಆಯ್ತು ಕೇಳಿದವರು, ಹೆಸರಿಟ್ಟವರೂ ಇವರೇ, ಗೊತ್ತಿಲ್ಲದೆ ಇರುತ್ತದೆಯೇ?

"ಎಳೆದ್ರೆ ಏನಾಗುತ್ತೆ ಮೇಸ್ತ್ರಿ?"

"ಏನಾಗುತ್ತೆ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ಒಳಗೆ ಕೈ ಇದ್ದಾಗ ಒತ್ತಿದ್ದು ನೀನು ಅಂತಾಗುತ್ತೆ. ಮಗಳಿಗೆ ಅಪ್ಪ ಇಲ್ಲ. ಅಮ್ಮನೂ ಕೋರ್ಟು ಕಚೇರಿ ಅಂತ ಅಲೀಬೇಕಾ? ಒಳಗೆ ಮಲಗಿರೋ ಮುದಿ ಜೀವ ಯಾರನ್ನ ನಂಬ್ಕೊಂಡಿದೆ?"

"ಆಮೇಲೆ ತಪ್ಪೆಲ್ಲ ಅವರದ್ದೇ ಆಗುತ್ತೆ."

"ಆಗ್ಲಿ ಬಿಡಮ್ಮ. ಅವನು ಯಾವತ್ತು ಯಾರಿಗೆ ಇಲ್ಲ ಅಂದಿದ್ದ? ಈಗ ಅವನನ್ನೇ ಕರೆದು ಕೇಳಿದ್ರೂ ಆಯ್ತು ಅಂತಿದ್ದ."

ವೈರಮ್ಮನಿಗೆ ನಗು ಬಂದ ಹಾಗಾಯಿತು, ಬಂದದ್ದು ನಗುವಲ್ಲ. ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಮೇಸ್ತ್ರಿ ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದರು.

ತನಿಖೆ ನಡೆದದ್ದು ಮೇಲಿನ ಆಫೀಸಿನಲ್ಲಿ. ಉದ್ದ ಮೇಜು, ಮುಚ್ಚಳ ಮುಚ್ಚಿದ ನೀರಿನ ಲೋಟಗಳು, ಮಾತು ಹಿಡಿಯುವ ಒಂದು ಸಣ್ಣ ಯಂತ್ರ. ತನಿಖೆಗೆ ಸರ್ಕಾರದ ಕಾರ್ಖಾನೆ ಇಲಾಖೆಯಿಂದ ಬಂದದ್ದು ನಿವೃತ್ತಿಯ ಅಂಚಿನ ಹೆಂಗಸು, ಕನ್ನಡಕ ಮೂಗಿನ ಮೇಲಕ್ಕೆ ತಳ್ಳುತ್ತ ಮಾತಾಡುವವರು. ಅವರ ಎಡಕ್ಕೆ ಕಂಪನಿಯ ವಕೀಲ. ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಮೇಸ್ತ್ರಿ, ಪೆನ್ಸಿಲ್. ಮೇಡಂ ಮುಂದೆ ಒಂದು ಅಚ್ಚಾದ ಕಾಗದ. ಅದರಲ್ಲಿ ಎರಡು ಚೌಕಗಳಿದ್ದವು: ಕೆಲಸ ಮುಗಿದಿದೆ ಎಂದು ತಿಳಿಸಿದರು, ಸೂಚನೆಯನ್ನು ಒಪ್ಪಿದರು. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು.

"ಒತ್ತೋ ಮುಂಚೆ ನೀವೇನಂದ್ರಿ?"

"ಕೈ ಆಚೆ ತಗೊಳ್ರೀ, ಒತ್ತುತೀನಿ ಅಂದೆ."

"ಅವರೇನಂದ್ರು?"

"ಆಯ್ತು ಅಂದ್ರು."

"ಆಯ್ತು ಅಂದ್ರೆ? ಮುಗೀತು ಅಂತಾನಾ, ಸರಿ ಅಂತಾನಾ?"

ವಕೀಲ ಮಧ್ಯೆ ಬಾಯಿ ಹಾಕಿದ. "ಮುಗೀತು ಅಂತಲೇ ಮೇಡಂ. ಎಲ್ಲರಿಗೂ ಗೊತ್ತಿರೋ ಮಾತು."

"ನಮ್ಮನೇಲೂ ಅದೇ ಮಾತಾಡ್ತಾರೆ ವಕೀಲರೇ. ಗೊತ್ತಿರೋದಕ್ಕೇ ಕೇಳ್ತಿದೀನಿ." ಮೇಡಂ ಕನ್ನಡಕ ಮೇಲಕ್ಕೆ ತಳ್ಳಿ ವೈರಮ್ಮನ ಕಡೆ ಬಗ್ಗಿದರು. "ಅಮ್ಮ, ಅವರು ಹೇಳಿದ ಹಾಗೇ ಒಂದು ಸಲ ಹೇಳಿ ನೋಡೋಣ."

ಮೇಸ್ತ್ರಿ ತಮ್ಮ ಬೂಟು ನೋಡುತ್ತಿದ್ದರು. ಗಿಡ್ಡಕ್ಕೆ ಹೇಳಿದರೆ ಮುಗಿಯಿತು. ಎದ್ದು ಮನೆಗೆ ಹೋಗಬಹುದು. ನಾಳೆಯಿಂದ ಕೆಲಸಕ್ಕೆ ಬರಬಹುದು. ಅತ್ತೆ ತಲೆ ಸವರುತ್ತಾರೆ, ಮಗಳು ಪಕ್ಕದಲ್ಲಿ ಮಲಗುತ್ತಾಳೆ. ಹೋದವನ ಹೆಸರಿನ ಮುಂದೆ ಕಾಗದದಲ್ಲಿ ಒಂದು ತಪ್ಪು ಉಳಿಯುತ್ತದೆ, ಅಷ್ಟೇ. ಹದಿನೇಳು ವರ್ಷ ನಲ್ಲಿಗೆ, ಬಲ್ಬಿಗೆ, ಸ್ಕೂಲಿಗೆ ಅವನ ಮೇಲೆ ತಪ್ಪು ಹೊರಿಸಿದವಳೇ ಅಲ್ಲವೇ ತಾನು? ಇದೂ ಒಂದು. ವೈರಮ್ಮ ಬಾಯಿ ತೆರೆದಳು. ಗಿಡ್ಡಕ್ಕೇ ಹೇಳಬೇಕೆಂದು ತೆರೆದಳು.

"ಆಯ್ತೂ..." ಎಂದಳು.

ಹೇಳಿದ್ದು ಅವಳ ದನಿಯೇ, ಬಾಲ ಎಳೆದದ್ದು ಅವನದು. ಗೋಡೆಯ ಪಕ್ಕ ಮೇಸ್ತ್ರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮೇಡಂ ಪೆನ್ನು ಕೆಳಗಿಟ್ಟು ಒಂದು ಗುಟುಕು ನೀರು ಕುಡಿದರು. ಆಮೇಲೆ ಪೆನ್ನೆತ್ತಿ ಎರಡನೇ ಚೌಕಕ್ಕೆ ಗುರುತು ಹಾಕಿದರು.

"ಅಂದ್ರೆ ಕೈ ಇನ್ನೂ ಒಳಗಿತ್ತು."

"ಹೌದು."

"ಅದು ನಿಮಗೆ ಗೊತ್ತಾಗ್ಬೇಕಿತ್ತು."

"ನಂಗಲ್ಲದೆ ಇನ್ಯಾರಿಗೆ ಗೊತ್ತಾಗ್ಬೇಕಿತ್ತು ಮೇಡಂ? ನಾನು ಅವರ ಹೆಂಡ್ತಿ."

ರಬ್ಬರು ಪಟ್ಟಿಯ ಸಂಗತಿಯನ್ನು ಯಾರೂ ಕೇಳಿರಲಿಲ್ಲ. ಅವಳೇ ಎತ್ತಿದಳು. ಕತ್ತರಿಸಿದ್ದು ನಾನು, ಹೇಳಿದವರು ಆ ಗೋಡೆ ಪಕ್ಕ ಕೂತಿದ್ದಾರೆ ಎಂದಳು. ಮೇಸ್ತ್ರಿ ಮುಖದಿಂದ ಕೈ ತೆಗೆಯದೆ, "ಪ್ರದರ್ಶನ ಮುಗಿಯೋ ತನಕ ಅಂತ ಹೇಳಿದ್ದೆ" ಎಂದರು. ಪೆನ್ಸಿಲ್ ಎದ್ದು ನಿಂತ. "ಪಟ್ಟಿ ಕಾಣಿಸ್ತಿದೆ ಅಂತ ಮಾತ್ರ ನಾನು ಹೇಳಿದ್ದು. ತೆಗೀರಿ ಅಂತ ಹೇಳಿದ್ರೆ ತೋರಿಸಿ." ಯಾರೂ ತೋರಿಸಲಾರರು, ಅವನು ಹೇಳಿರಲೇ ಇಲ್ಲ. ವಕೀಲ ಮಾತ್ರ ಅಲ್ಲಿಯವರೆಗೆ ಇಲ್ಲದ ಉತ್ಸಾಹದಿಂದ ಬರೆದುಕೊಳ್ಳುತ್ತಿದ್ದ. ಕತ್ತರಿಸಿದ್ದು ಅವಳು, ಒತ್ತಿದ್ದು ಅವಳು. ಗಾಡಿಯಲ್ಲಿ ದೋಷವಿಲ್ಲ. ಅವಳು ಹೇಳಿದ ನಿಜ ಕಂಪನಿಗೆ ಸುಳ್ಳಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಹಾಗಿತ್ತು. ನಾಳೆಯಿಂದ ಬರುವುದು ಬೇಡ, ಮುಂದಿನದನ್ನು ಕಾಗದದಲ್ಲಿ ತಿಳಿಸುತ್ತೇವೆ ಎಂದರು ಕಂಪನಿಯವರು. ಅವಳು ಮೇಜಿನ ಮೇಲೆ ಷೆಡ್ಡಿನ ಬೀಗದ ಕೈ ಇಟ್ಟು ಹೊರಟಳು.

ಮನೆಗೆ ಬಂದಾಗ ಇನ್ನೂ ಮೂರು ಗಂಟೆ. ಮಗಳು ಸ್ಕೂಲಿನಿಂದ ಬಂದಿರಲಿಲ್ಲ. ಅತ್ತೆ ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂತಿದ್ದರು.

"ಏನಂದ್ರೇ? ಏನು ಕೇಳಿದ್ರು?"

ವೈರಮ್ಮ ಅವರ ಎದುರು ಕೂತು, ಒಂದೂ ಬಿಡದೆ ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೇ ಬಂದಿದ್ದಳು. ಅವರು ಅಂದಿದ್ದು ಮುಗೀತು ಅಂತ ಅಲ್ಲ ಅತ್ತೆ, ತಗೀತೀನಿ ತಾಳು ಅಂತ. ನಾನು ತಾಳಲಿಲ್ಲ.

ಅತ್ತೆ ಅಳುತ್ತಾರೆಂದುಕೊಂಡಿದ್ದಳು, ಇಲ್ಲ ಬೈಯುತ್ತಾರೆಂದು. ಅವರು ಎರಡೂ ಮಾಡಲಿಲ್ಲ. ಚಾಪೆಯ ಅಂಚಿನ ಒಂದು ಎಳೆಯನ್ನು ಕಿತ್ತು, ಮತ್ತೊಂದನ್ನು ಕಿತ್ತು, ಬಾಯಿಬಿಟ್ಟರು.

"ಅವರ ಮುಂದೆ ಹೇಳಿದೆ, ಸರಿ. ನಂಗ್ಯಾಕೆ ಹೇಳ್ದೆ?"

"ನಿಮ್ಮ ಮಗನ ಮೇಲೆ ತಪ್ಪು ಉಳೀಬಾರದು ಅಂತ, ಅತ್ತೆ."

"ಉಳಿದಿದ್ರೆ ಅವನಿಗೇನಾಗ್ತಿತ್ತೇ? ನಾನು ಬೈಕೊಳ್ತಿದ್ದೆ, ಅಳ್ತಿದ್ದೆ, ಹೊಟ್ಟೆಗೆ ಹಾಕ್ಕೊಳ್ತಿದ್ದೆ. ನನ್ನ ಮಗ ತಾನೇ. ಈಗ ನಿನ್ನ ಏನು ಮಾಡ್ಲಿ ಹೇಳು. ನಂಗೆ ಮಾತ್ರೆ ಕೊಡೋಳು ನೀನು, ಸ್ನಾನ ಮಾಡ್ಸೋಳು ನೀನು. ಅವನು ಹೋದ ಮೇಲೆ ನಿನ್ನ ಮುಖ ನೋಡ್ಕೊಂಡು ಹೇಗೋ ಇದ್ದೆ. ಇನ್ನು ಯಾರ ಮುಖ ನೋಡ್ಲಿ?"

ನಿಜ ಹೇಳಿದರೆ ಎದೆ ಹಗುರಾಗುತ್ತದೆಂದು ನಂಬಿ ಬಂದಿದ್ದಳು. ಆ ಭಾರ ಈಗ ಎಪ್ಪತ್ತೆಂಟು ವರ್ಷದ ಮುದುಕಿಯ ಮಡಿಲಲ್ಲಿತ್ತು, ತನ್ನದೂ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

"ಮಗೂಗೆ ನೀನೇ ಹೇಳು. ನನ್ನ ಕೈಲಾಗಲ್ಲ" ಎಂದು ಅತ್ತೆ ಬಚ್ಚಲಿಗೆ ಹೋಗಲು ಏಳಹೊರಟರು. ಮಂಡಿ ಮಡಚಿದರೆ ಬಿಚ್ಚಿಕೊಳ್ಳದ ಕಾಲು ಅವರದು. ನೆಲದಿಂದ ಏಳಬೇಕಾದರೆ ಯಾರಾದರೂ ಹಿಡಿದು ಎಬ್ಬಿಸಬೇಕು. ವೈರಮ್ಮ ತಟ್ಟನೆ ಎದ್ದು ಬಲಗೈ ಚಾಚಿದಳು. ಅತ್ತೆ ಆ ಕೈಯನ್ನು ನೋಡುತ್ತ ಕೂತರು.

"ಈ ಕೈನಾ?"

ವೈರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಆಗಲಿಲ್ಲ.

"ಹೌದು ಅತ್ತೆ."

ಅತ್ತೆ ಗೋಡೆಗೆ ಕೈ ಊರಿ ಏಳಲು ನೋಡಿದರು. ಅರ್ಧ ಎದ್ದು ಕುಸಿದು ಕೂತರು. ಮತ್ತೊಮ್ಮೆ ಕಿಟಕಿಯ ಸರಳು ಹಿಡಿಯಲು ನೋಡಿದರು, ಎಟುಕಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಮೊಮ್ಮಗಳು ಬರಲು ಇನ್ನೂ ಒಂದು ಗಂಟೆಯಿತ್ತು. ಕೊನೆಗೆ ಮುದುಕಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನೋಡದೆ, ಆ ಕೈಯನ್ನೇ ಹಿಡಿದು ಎದ್ದರು.